ನದಿಯಲ್ಲಿ ಯೂ-ಟರ್ನ್ ಇಲ್ಲ: ಗೆಳೆಯರ ಜೊತೆ ನಾಲ್ಕು ದಿನದ ಕೆನೂ ಪ್ರಯಾಣ



ಇವತ್ತು ದೂರದ ನದಿಯೊಂದರ ಬಗ್ಗೆ ಮಾತಾಡೋಣ. ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಿ ಹರಿಯುವ ಗ್ರೀನ್ ರಿವರ್. ಅಲ್ಲಿ ಕೆಲಸಕ್ಕಿರೋ ನನ್ನ ಕಾಲೇಜಿನ ಗೆಳೆಯರು ಮೂವರು, ರಜೆ ಹಾಕಿ ಹೋಗಿದ್ದ ನಾನೊಬ್ಬ. ಎರಡು ಕೆನೂ, ನಾಲ್ಕು ಹಗಲು, ಮೂರು ರಾತ್ರಿ. ವಾಪಸ್ ಬಂದು ಫೋಟೊ ತೋರಿಸಿದಾಗ ತುಂಬ ಜನ ಕೇಳಿದ್ದು, 'ಇದಕ್ಕೆ ಏನೇನು ತಯಾರಿ ಬೇಕು?' ಅಂತ. ಅದನ್ನೇ ಹೇಳ್ತೀನಿ. ಜೊತೆಗೆ ನಾವು ಮಾಡಿದ ಒಂದು ತಪ್ಪನ್ನೂ ಹೇಳ್ತೀನಿ.

ಕೆನೂ ಅಂದ್ರೆ ಏನು?

ನಮ್ಮ ಹಂಪಿಯ ಹರಿಗೋಲು ದುಂಡಗಿರುತ್ತೆ, ನಿಂತಲ್ಲೇ ಸುತ್ತುತ್ತೆ. ಕೆನೂ ಹಾಗಲ್ಲ. ಉದ್ದ, ಕಿರಿದು, ಎರಡೂ ತುದಿ ಚೂಪು, ಮೇಲ್ಭಾಗ ತೆರೆದಿರುತ್ತೆ. ಕಯಾಕ್‌ನಲ್ಲಿ ಹುಟ್ಟಿನ ಎರಡೂ ತುದಿಗೆ ಅಲಗಿದ್ರೆ, ಕೆನೂ ಹುಟ್ಟಿಗೆ ಒಂದೇ ಅಲಗು. ಮುಂದೆ ಕೂತವರು ವೇಗ ಕೊಡ್ತಾರೆ, ಹಿಂದೆ ಕೂತವರು ದಿಕ್ಕು ನೋಡ್ಕೋತಾರೆ. ಇಬ್ಬರ ನಡುವೆ ಸಾಮಾನು. ಡೇರೆ, ಅಡುಗೆ ಪಾತ್ರೆ, ನೀರಿನ ಕ್ಯಾನು, ಎಲ್ಲ ಅಲ್ಲೇ. ಬೆನ್ನ ಮೇಲೆ ಹೊರೋಕೆ ಆಗದಷ್ಟು ಸಾಮಾನನ್ನ ಇದರಲ್ಲಿ ಸಾಗಿಸಬಹುದು. ಹಾಗಾಗಿಯೇ ಹಲವು ದಿನಗಳ ಪ್ರಯಾಣಕ್ಕೆ ಕೆನೂ ಇಷ್ಟಪಡ್ತಾರೆ.

ನಾವು ಹೋಗಿದ್ದು ಲ್ಯಾಬರಿಂತ್ ಕಣಿವೆಯಲ್ಲಿ. ರೂಬಿ ರ‍್ಯಾಂಚ್ ಅನ್ನೋ ಜಾಗದಿಂದ ಮಿನರಲ್ ಬಾಟಮ್‌ವರೆಗೆ ಸುಮಾರು 45 ಮೈಲಿ, ಅಂದರೆ 72 ಕಿ.ಮೀ. ಈ ಭಾಗದಲ್ಲಿ ಧುಮ್ಮಿಕ್ಕೋ ನೀರಿಲ್ಲ, ನದಿ ಶಾಂತವಾಗಿ ಹರಿಯುತ್ತೆ. ಹೊಸಬರೂ ಹೋಗೋದು ಅದಕ್ಕೇ. ಆದರೆ ಎರಡೂ ಕಡೆ ಕೆಂಪು ಬಂಡೆಯ ಗೋಡೆ. ಮೊಬೈಲ್ ಸಿಗ್ನಲ್ ಸಿಗಲ್ಲ. ಹೊಳೆಯ ಎದುರಿಗೆ 30 ಕಿ.ಮೀ. ಹುಟ್ಟು ಹಾಕಿ ವಾಪಸ್ ಹೋಗೋದು ನಮ್ಮಂಥವರ ಕೈಲಿ ಆಗದ ಮಾತು. ನೀರಿಗಿಳಿದ ಮೇಲೆ ಮುಂದಿನ ದಡವೇ ಗತಿ. ಹೀಗಾಗಿ ಮುಖ್ಯವಾದ ನಿರ್ಧಾರಗಳನ್ನೆಲ್ಲ ಹೊರಡೋ ಮುಂಚೆ, ದಡದಲ್ಲೇ ಮಾಡಿ ಮುಗಿಸಬೇಕು.

ನದಿಯಲ್ಲಿದ್ದೂ ನೀರು ಹೊರಬೇಕು

ವಿಚಿತ್ರ ಅನ್ನಿಸಬಹುದು, ಆದರೆ ಅಲ್ಲಿ ಕುಡಿಯೋ ನೀರನ್ನ ಕ್ಯಾನಿನಲ್ಲಿ ತುಂಬಿಕೊಂಡು ಹೋಗಬೇಕು. ಗ್ರೀನ್ ರಿವರ್ ಹೆಸರಿಗೆ ಹಸಿರು. ಈ ಭಾಗದಲ್ಲಿ ನೀರು ಹಾಲು ಹಾಕಿದ ಚಹಾದ ಬಣ್ಣ. ಅಷ್ಟು ಹೂಳು. ಕ್ಯಾಂಪಿಂಗ್‌ಗೆ ಒಯ್ಯೋ ಸಣ್ಣ ಫಿಲ್ಟರು ಸ್ವಲ್ಪ ಹೊತ್ತಿಗೇ ಕಟ್ಟಿಕೊಳ್ಳುತ್ತೆ.

ಅಲ್ಲಿನ ಲೆಕ್ಕ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 4 ಲೀಟರ್. ನಾಲ್ಕು ಜನ, ನಾಲ್ಕು ದಿನ, 64 ಲೀಟರ್. ಅದರ ಮೇಲೆ ಒಂದು ದಿನದ್ದು ಹೆಚ್ಚುವರಿ 16 ಲೀಟರ್. ಒಟ್ಟು 80 ಲೀಟರ್, ಅಂದರೆ 80 ಕೆ.ಜಿ. 'ಒಂದಿನದ್ದು ಎಕ್ಸ್‌ಟ್ರಾ ಯಾಕ್ರೋ, ಸುಮ್ನೆ ಭಾರ' ಅಂತ ನಮ್ಮಲ್ಲೇ ವಾದ ಆಯ್ತು. ಕೊನೆಗೆ ತುಂಬಿಕೊಂಡೆವು. ದೋಣಿಗೆ ಎರಡರಂತೆ ನಾಲ್ಕು ಕ್ಯಾನು.

ನೀರು, ಊಟ ಎರಡನ್ನೂ ಯಾವತ್ತೂ ಒಂದೇ ದೋಣಿಯಲ್ಲಿ ಇಡಬಾರದು. ಇದೇ ನದಿಯಲ್ಲಿ ಅದಕ್ಕೆ ಹಳೆಯ ಉದಾಹರಣೆ ಇದೆ. 1869ರಲ್ಲಿ ಜಾನ್ ವೆಸ್ಲಿ ಪೊವೆಲ್ ಎಂಬ ಭೂವಿಜ್ಞಾನಿ ಹತ್ತು ಜನರ ತಂಡ, ನಾಲ್ಕು ದೋಣಿ ಕಟ್ಟಿಕೊಂಡು ಈ ನದಿಯ ಸಮೀಕ್ಷೆಗೆ ಹೊರಟ. ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಮನುಷ್ಯ. ಹೊರಟು ತಿಂಗಳಾಗೋ ಮುಂಚೆಯೇ ಒಂದು ದೋಣಿ ಬಂಡೆಗೆ ಬಡಿದು ಚೂರಾಯಿತು. ಅದರಲ್ಲಿದ್ದ ಆಹಾರವೂ ಹೋಯಿತು. ಸಾಮಾನು ಬೇರೆ ಬೇರೆ ದೋಣಿಗಳಿಗೆ ಹಂಚಿಕೆಯಾಗಿದ್ದರಿಂದ ಅವರು ಮುಂದಕ್ಕೆ ಹೋಗೋಕೆ ಆಯ್ತು. ನಾವು ಹೋದ ಕಣಿವೆಗೆ ಲ್ಯಾಬರಿಂತ್ ಅಂತ ಹೆಸರಿಟ್ಟಿದ್ದೂ ಪೊವೆಲ್ ತಂಡವೇ.

ಹೊಲಸನ್ನೂ ಹೊತ್ತು ತರಬೇಕು

ಈ ವಿಷಯ ಯಾರೂ ಕೇಳಲ್ಲ, ನಾನೇ ಹೇಳ್ತೀನಿ. ಅಲ್ಲಿಗೆ ಹೋಗೋಕೆ ಮೊದಲೇ ಪರವಾನಗಿ ಪಡೀಬೇಕು. ಮಲವನ್ನ ಮಣ್ಣಲ್ಲಿ ಹೂಳುವಂತಿಲ್ಲ. ಮುಚ್ಚಳ ಭದ್ರವಾಗಿರೋ ಟಾಯ್ಲೆಟ್ ಡಬ್ಬ ಒಯ್ದು, ಎಲ್ಲವನ್ನೂ ವಾಪಸ್ ತರಬೇಕು. ಒಲೆ ಹಚ್ಚಿದರೆ ಲೋಹದ ತಟ್ಟೆಯ ಮೇಲೆ, ಬೂದಿಯೂ ನಮ್ಮ ಜೊತೆಗೇ ವಾಪಸ್.

ಮೂತ್ರ ಮಾತ್ರ ನದಿಗೇ ಮಾಡಬೇಕು ಅಂತ ಅಲ್ಲಿನ ಸೂಚನೆ! ಹೊಳೆಯಲ್ಲಿ ಉಗುಳಿದರೂ ಅಜ್ಜಿ ಕೈಲಿ ಬೈಸಿಕೊಂಡು ಬೆಳೆದವರು ನಾವು. ಮೊದಲ ದಿನ ಯಾರಿಗೂ ಮನಸ್ಸು ಬರಲಿಲ್ಲ. ಕಾರಣ ಕೇಳಿದ ಮೇಲೆ ಅರ್ಥ ಆಯ್ತು. ಅದು ಮರುಭೂಮಿ, ಮಳೆ ಬಹಳ ಕಡಿಮೆ. ದಡದಲ್ಲಿ ಜನ ತಂಗೋಕೆ ಆಗೋ ಜಾಗಗಳೂ ಕಡಿಮೆ. ಎಲ್ಲರೂ ಮರಳಲ್ಲೇ ಮಾಡಿದ್ರೆ ತೊಳೆದು ಹೋಗಲ್ಲ, ನಾತ ಹಾಗೇ ಉಳಿಯುತ್ತೆ. ದೊಡ್ಡ ನದಿಯಲ್ಲಾದ್ರೆ ಕರಗಿ ಹೋಗುತ್ತೆ. ಇದನ್ನ ಕೇಳಿ ನಮ್ಮ ಹಳ್ಳಗಳಲ್ಲಿ ಹೀಗೆ ಮಾಡೋಕೆ ಹೋಗಬೇಡಿ. ನಿಯಮ ಆಯಾ ನೆಲಕ್ಕೆ, ಆಯಾ ನೀರಿಗೆ ತಕ್ಕಂತೆ ಇರುತ್ತೆ.

ಎರಡನೇ ದಿನದ ಮಧ್ಯಾಹ್ನ

ಈಗ ನಮ್ಮ ತಪ್ಪಿಗೆ ಬರ್ತೀನಿ. ಹೊರಡೋ ಮುಂಚೆ ಎಲ್ಲರನ್ನೂ ಕೇಳಿದ್ದೆ, 'ಈಜು ಬರುತ್ತೇನ್ರೋ?' ಇಬ್ಬರು ಹೂಂ ಅಂದ್ರು. ಮೂರನೆಯವನು 'ಅಷ್ಟಿಷ್ಟು ಬರುತ್ತೆ ಕಣೋ' ಅಂದ. ಅಷ್ಟಿಷ್ಟು ಅಂದ್ರೆ ಎಷ್ಟು ಅಂತ ನಾನು ಕೇಳಲಿಲ್ಲ.

ಕಣಿವೆಯಲ್ಲಿ ಬೆಳಿಗ್ಗೆ ನೀರು ಕನ್ನಡಿ ಥರ ಇರುತ್ತೆ. ಮಧ್ಯಾಹ್ನ ಬಿಸಿಲೇರಿದ ಮೇಲೆ ಗಾಳಿ ಶುರು, ಎಷ್ಟೋ ಸಲ ನೇರ ಎದುರಿಂದ. ಅವತ್ತು ಅವನ ದೋಣಿ ಗಾಳಿಗೆ ಅಡ್ಡ ತಿರುಗಿತು. ಗಾಬರಿಯಲ್ಲಿ ಇಬ್ಬರೂ ಒಂದೇ ಕಡೆಗೆ ವಾಲಿದರು. ದೋಣಿ ಮಗುಚಿತು.

ಅಲ್ಲಿದ್ದದ್ದು ಎದೆಮಟ್ಟದ ನೀರು. ಆದರೆ ಅವನಿಗೆ ಅದು ಗೊತ್ತಾಗಲಿಲ್ಲ. ಲೈಫ್ ಜಾಕೆಟ್ ತೊಟ್ಟಿದ್ದ, ಸೆಕೆ ಅಂತ ಬಕಲ್ ಬಿಚ್ಚಿದ್ದ. ಅವನು ಮುಳುಗಿದರೆ ಜಾಕೆಟ್ ಮೇಲೆದ್ದು ಮುಖ ಮುಚ್ಚುತ್ತಿತ್ತು. ಕಾಲು ನೆಲಕ್ಕೆ ಊರೋದು ಬಿಟ್ಟು ಕೈ ಬಡೀತಾ ಇದ್ದ. ನಾವು ದೋಣಿ ಹತ್ತಿರ ತಂದು, ಜಾಕೆಟ್ಟಿನ ಹೆಗಲಪಟ್ಟಿ ಹಿಡಿದು ಎಳೆದು ಮರಳದಿಬ್ಬಕ್ಕೆ ಸೇರಿಸಿದೆವು. ಅಷ್ಟರಲ್ಲಿ ಹಗ್ಗ ಕಟ್ಟದೇ ಇಟ್ಟಿದ್ದ, ಅರ್ಧಕ್ಕಿಂತ ತುಸು ಹೆಚ್ಚೇ ನೀರಿದ್ದ ಕ್ಯಾನು ತೇಲಿ ತಿರುವು ದಾಟಿತ್ತು.

ಕೆಮ್ಮು ನಿಂತ ಮೇಲೆ ಅವನು ಹೇಳಿದ್ದು ಇಷ್ಟೇ: 'ಈಜು ಬರಲ್ಲ ಕಣ್ರೋ. ಹೇಳಿದ್ರೆ ಬಿಟ್ಟು ಹೋಗ್ತೀರ ಅನ್ಕೊಂಡೆ.'

ಯಾರೂ ಬೈಯಲಿಲ್ಲ. ಬೈಯೋ ಮುಖ ನನಗೂ ಇರಲಿಲ್ಲ. ಎದುರಿಗಿರೋದು ಗೆಳೆಯರೇ ಆದಾಗ 'ಆಗಲ್ಲ' ಅನ್ನೋಕೆ ಸಂಕೋಚ ಇನ್ನೂ ಜಾಸ್ತಿ. ಕೇಳೋರೂ ಅಷ್ಟೇ, ಸ್ನೇಹಿತ ತಾನೇ ಅಂತ ಮುಂದೆ ಕೆದಕಲ್ಲ.

ಅವತ್ತು ರಾತ್ರಿ ಲೆಕ್ಕ ಹಾಕಿದೆವು. ಉಳಿದಿದ್ದು ತುಂಬಿದ ಎರಡು ಕ್ಯಾನು, 40 ಲೀಟರ್. ಮುಂದಿನ ಊಟ, ಕುಡಿಯೋದಕ್ಕೆ ಬೇಕಿದ್ದದ್ದು 36. ಭಾರ ಅಂತ ಜಗಳ ಆಡಿದ್ದ ಆ ಹೆಚ್ಚುವರಿ ನೀರು ಇಲ್ಲದಿದ್ರೆ ಕೊನೇ ದಿನ ಕಷ್ಟ ಇತ್ತು. ಅದನ್ನೂ ಉಳಿಸೋಕೆ ಅನ್ನಕ್ಕೆ ನದಿ ನೀರು ಬಳಸಿದೆವು. ಬಕೆಟ್ಟಿಗೆ ನೀರು ತುಂಬಿ, ಪಟಿಕದ ಪುಡಿ ಚಿಟಿಕೆ ಹಾಕಿ ಕಲಕಿ, ರಾತ್ರಿಯಿಡೀ ಬಿಟ್ಟೆವು. ನಮ್ಮ ಹಳ್ಳಿಗಳಲ್ಲಿ ಬಗ್ಗಡದ ನೀರಿಗೆ ಮಾಡ್ತಿದ್ದದ್ದು ಇದನ್ನೇ. ಪಟಿಕ ಹೂಳಿನ ಕಣಗಳನ್ನ ಗುಂಪುಗೂಡಿಸಿ ತಳಕ್ಕೆ ಇಳಿಸುತ್ತೆ. ರೋಗಾಣುಗಳನ್ನ ಕೊಲ್ಲುತ್ತೆ ಅಂತ ನಂಬಬಾರದು. ಮೇಲಿನ ತಿಳಿನೀರನ್ನ ಸೋಸಿ ಚೆನ್ನಾಗಿ ಕುದಿಸಬೇಕು.

ಮೂರನೇ ದಿನದಿಂದ ಕ್ರಮ ಬದಲಾಯಿತು. ಬೆಳಕು ಹರಿಯುತ್ತಲೇ ಹೊರಡೋದು, ಗಾಳಿ ಏಳೋ ಹೊತ್ತಿಗೆ ದಡ ಸೇರೋದು. ಅವನು ನಮ್ಮಲ್ಲಿ ಚೆನ್ನಾಗಿ ಹುಟ್ಟು ಹಾಕೋನ ಜೊತೆ, ದಡದ ಪಕ್ಕದಲ್ಲೇ. ಬಕಲ್ ಬಿಚ್ಚೋ ಮಾತೇ ಇಲ್ಲ. ಸಾಮಾನೆಲ್ಲ ದೋಣಿಗೆ ಬಿಗಿದು ಕಟ್ಟಿದೆವು.

ಬೋನಾಟ್ ಬೆಂಡ್ ಅನ್ನೋ ತಿರುವಿನಲ್ಲಿ ಒಂದು ಗಂಟೆ ಇಳಿದೆವು. ಅಲ್ಲಿ ನದಿ ಸುಮಾರು 7 ಮೈಲಿ ಸುತ್ತು ಹಾಕಿ, ಹೊರಟ ಜಾಗದ ಹತ್ತಿರಕ್ಕೇ ಬರುತ್ತೆ. ನಡುವೆ ಇರೋದು ಒಂದು ಕಿರಿದಾದ ಕಲ್ಲಿನ ಏಣು ಮಾತ್ರ. ಹತ್ತಿ ನಿಂತರೆ ಎರಡೂ ಕಡೆ ಒಂದೇ ನದಿ. ಮೊದಲು ಹತ್ತಿ ನಿಂತಿದ್ದು ಅವನೇ. 'ಆ ಕಡೆಯಿಂದ ಬಂದ್ವಿ, ಈ ಕಡೆ ಹೋಗಬೇಕು' ಅಂತ ಕೈ ತೋರಿಸಿದ.

ನೀವು ಹೊರಡೋದಾದ್ರೆ

ಎಲ್ಲಿಯೇ ಆಗಲಿ, ಹೊರಡೋ ಹಿಂದಿನ ದಿನ ದಡದ ಹತ್ತಿರ, ಜಾಕೆಟ್ ತೊಟ್ಟು, ಒಂದ್ಸಲ ಬೇಕಂತಲೇ ದೋಣಿ ಮಗುಚಿ ನೋಡಿ. ಯಾರಿಗೆ ಎಷ್ಟು ಈಜು ಬರುತ್ತೆ ಅಂತ ಬಾಯಿಮಾತಿಲ್ಲದೆ ಗೊತ್ತಾಗುತ್ತೆ. ಯಾರು ಯಾವ ಮಾತ್ರೆ ತಗೋತಾರೆ, ಯಾರಿಗೆ ಏನು ಅಲರ್ಜಿ, ಎಲ್ಲರಿಗೂ ತಿಳಿದಿರಲಿ. ಯಾವ ದಿನ, ಎಲ್ಲಿ ದಡ ಸೇರ್ತೀರಿ ಅಂತ ಮನೆಯವರ ಕೈಲಿ ಬರೆದಿಟ್ಟು ಬನ್ನಿ. ನಮ್ಮ ಕರ್ನಾಟಕದ ನದಿಗಳಲ್ಲಾದ್ರೆ ಇನ್ನೊಂದು ಮಾತು. ಅಣೆಕಟ್ಟೆಯಿಂದ ನೀರು ಬಿಟ್ಟರೆ ಮಟ್ಟ ಒಮ್ಮೆಲೇ ಏರುತ್ತೆ, ಕೆಲವು ಕಡೆ ಮೊಸಳೆಗಳಿವೆ, ಕಾಡಿನ ಭಾಗದಲ್ಲಿ ತಂಗೋಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸ್ಥಳೀಯರನ್ನ ಕೇಳದೆ ಇಳಿಯಬೇಡಿ.

ಅಂದಹಾಗೆ, ನಮ್ಮ ಗೆಳೆಯ ಈಗ ವಾರಕ್ಕೆ ಎರಡು ದಿನ ಈಜು ಕಲಿಯೋಕೆ ಹೋಗ್ತಾನೆ. ಚಿಕ್ಕ ಮಕ್ಕಳ ಬ್ಯಾಚಿನಲ್ಲಿ ಅವನೊಬ್ಬನೇ ದೊಡ್ಡವನಂತೆ. ಮುಂದಿನ ಸಲ ಕೇಳಿದಾಗ ಏನು ಹೇಳ್ತೀಯಾ ಅಂದೆ. 'ಕೇಳಬೇಡ, ನೀರಿಗೆ ಇಳಿಸಿ ನೋಡು' ಅಂದ.