ನಿಲ್ಲಿಸುವ ವಿದ್ಯೆ

ವೇಗವನ್ನು ಕುರಿತು ಮನುಷ್ಯನು ಹಾಡಿರುವ ಸ್ತೋತ್ರಗಳಿಗೆ ಲೆಕ್ಕವಿಲ್ಲ. ನಮ್ಮ ಕವಿಗಳ ರಥಗಳು ಗಾಳಿಯನ್ನು ಹಿಂದಿಕ್ಕುತ್ತವೆ. ಕುದುರೆಗಳು ನೆಲವನ್ನು ಮುಟ್ಟದೆಯೇ ಓಡುತ್ತವೆ. ಆದರೆ ಅಂತಹ ರಥವನ್ನು ಸಾರಥಿಯು ಹೇಗೆ ನಿಲ್ಲಿಸಿದನೆಂಬುದನ್ನು ವರ್ಣಿಸಿದ ಕವಿ ವಿರಳ. ಮೋಟಾರು ಕಾರಿನ ವಿಷಯದಲ್ಲಿಯೂ ಈ ಪಕ್ಷಪಾತ ಹಾಗೆಯೇ ಉಳಿದುಬಂದಿದೆ. ಇಂಜಿನ್ನಿಗೆ ಎಷ್ಟು ಕುದುರೆಗಳ ಬಲ, ಎಷ್ಟು ಸೆಕೆಂಡುಗಳಲ್ಲಿ ಗಂಟೆಗೆ 100 ಕಿಲೋಮೀಟರಿನ ವೇಗ ಎಂದು ಕೇಳುವವರು ಹಲವರು. ನೂರರಿಂದ ಸೊನ್ನೆಗೆ ಇಳಿಯಲು ಎಷ್ಟು ದೂರ ಬೇಕೆಂದು ಕೇಳುವವರು ಎಲ್ಲೋ ಒಬ್ಬರು.

ವಸ್ತುಸ್ಥಿತಿಯಾದರೋ ಹೀಗಿದೆ: ಓಡುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದದ್ದು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. 1500 ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ 100 ಕಿ.ಮೀ. ವೇಗದಿಂದ ಬಂದು ನಿಂತಾಗ ಹುಟ್ಟುವ ಶಾಖದಿಂದ ಸುಮಾರು 1.8 ಲೀಟರು ತಣ್ಣೀರನ್ನು ಕುದಿಯುವ ಬಿಂದುವಿಗೆ ತರಬಹುದು, 200 ಕಿ.ಮೀ. ವೇಗದಿಂದ ನಿಂತರೆ ಏಳು ಲೀಟರಿಗೂ ಮಿಗಿಲಾದ ನೀರನ್ನು. ಈ ತಾಪವನ್ನೆಲ್ಲ ಕ್ಷಣಮಾತ್ರದಲ್ಲಿ ನುಂಗಬೇಕಾದವು ನಾಲ್ಕು ಡಿಸ್ಕುಗಳು ಮತ್ತು ಅವುಗಳನ್ನು ಎರಡು ಬದಿಯಿಂದ ಅಪ್ಪಿ ಹಿಡಿಯುವ, ಅಂಗೈಯಗಲದ ಪ್ಯಾಡುಗಳು. ಬ್ರೇಕು ವೇಗವನ್ನು ಕೊಲ್ಲುವುದಿಲ್ಲ. ಅದನ್ನು ಬೆಂಕಿಯಾಗಿ ಮಾರ್ಪಡಿಸಿ ಗಾಳಿಗೆ ಅರ್ಪಿಸುತ್ತದೆ.

ಈ ಪ್ಯಾಡಿನ ವಂಶಾವಳಿ ಚಮ್ಮಾರನ ಅಂಗಡಿಯಿಂದ ಆರಂಭವಾಗುತ್ತದೆಂದರೆ ಅಚ್ಚರಿಯಾದೀತು. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಧೀರ ಮಹಿಳೆ, ಪತಿಯು ನಿರ್ಮಿಸಿದ ಮೋಟಾರು ಗಾಡಿಯಲ್ಲಿ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟಳು. ಬೆಟ್ಟದ ಇಳಿಜಾರುಗಳಲ್ಲಿ ಬ್ರೇಕಿನ ಕಟ್ಟಿಗೆ ಸವೆಯಿತು. ಆಕೆ ದಾರಿಯಲ್ಲಿ ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲನ್ನು ಹೊಡೆಸಿಕೊಂಡು ಪಯಣ ಮುಂದುವರಿಸಿದಳು. ಅನಂತರ 1897ರಲ್ಲಿ ಇಂಗ್ಲೆಂಡಿನ ಡರ್ಬಿಷೈರಿನ ಹರ್ಬರ್ಟ್ ಫ್ರೂಡನು ಬ್ರೇಕಿನ ಮೇಲ್ಪದರವನ್ನು ತಯಾರಿಸುವ ಉದ್ಯಮವನ್ನು ಸ್ಥಾಪಿಸಿದನು. ಕುದುರೆಗಾಡಿಯವರು ಬ್ರೇಕಿನ ಕಟ್ಟಿಗೆಗೆ ಹಳೆಯ ಬೂಟುಗಳನ್ನು ಮೊಳೆ ಹೊಡೆಯುತ್ತಿದ್ದುದೇ ಅವನಿಗೆ ಸ್ಫೂರ್ತಿಯೆಂದು ಹೇಳುತ್ತಾರೆ. ಮುಂದೆ ಬಂದ ಕಲ್ನಾರು ಬಹುಕಾಲ ಮೆರೆಯಿತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಅನೇಕ ದೇಶಗಳು ಅದನ್ನು ನಿಷೇಧಿಸಿದವು.

ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಲ್ಯಾಂಚೆಸ್ಟರನು 1902ರಲ್ಲಿಯೇ ಪೇಟೆಂಟು ಪಡೆದಿದ್ದರೂ ಅದರ ಕೀರ್ತಿ ಬೆಳಗಿದ್ದು 1953ರಲ್ಲಿ, ಫ್ರಾನ್ಸಿನ ಲ ಮಾನ್ಸ್ ಪಂದ್ಯದಲ್ಲಿ. ಇಪ್ಪತ್ತನಾಲ್ಕು ಗಂಟೆಗಳ ಆ ಓಟದಲ್ಲಿ ಎದುರಾಳಿಗಳ ಡ್ರಮ್ ಬ್ರೇಕುಗಳು ಕಾದು ಹಿಗ್ಗಿ ಹಿಡಿತ ಕಳೆದುಕೊಳ್ಳುವ ಭಯವಿತ್ತು. ಡನ್‌ಲಪ್ ಡಿಸ್ಕುಗಳನ್ನು ತೊಟ್ಟ ಜಾಗ್ವಾರ್ ಕಾರು ಮಾತ್ರ ನೇರ ದಾರಿಯ ಕೊನೆಯವರೆಗೂ ಧೈರ್ಯವಾಗಿ ಓಡಿ ತಿರುವಿನ ಸಮೀಪದಲ್ಲಿ ಬ್ರೇಕು ಒತ್ತಬಲ್ಲದಾಗಿತ್ತು. ರೋಲ್ಟ್ ಮತ್ತು ಹ್ಯಾಮಿಲ್ಟನ್ ಗೆದ್ದರು. ಆ ಪಂದ್ಯದ ಸರಾಸರಿ ವೇಗ ಮೊದಲ ಬಾರಿಗೆ ಗಂಟೆಗೆ 100 ಮೈಲಿಯನ್ನು ದಾಟಿತು. ಚೆನ್ನಾಗಿ ನಿಲ್ಲಬಲ್ಲವನೇ ವೇಗವಾಗಿ ಓಡಬಲ್ಲನೆಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಅಂದು ಪಂದ್ಯದ ಕಾರಿಗೆ ಮೀಸಲಾಗಿದ್ದ ಈ ಸಾಧನ ಇಂದು ಮನೆಮುಂದಿನ ಕಾರಿಗೂ ಬಂದಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ವೇಗದ ಕಾರೊಂದನ್ನು ಇಟ್ಟುಕೊಂಡಿದ್ದಾನೆ. ಅದರ ಪ್ಯಾಡುಗಳನ್ನು ತಾನೇ ಬದಲಾಯಿಸುತ್ತಾನೆ. ಒಂದು ಭಾನುವಾರ ಆ ಕೆಲಸವನ್ನು ನೋಡುವ ಅವಕಾಶ ನನಗೆ ದೊರೆಯಿತು. ಸಮತಟ್ಟಾದ ನೆಲದಲ್ಲಿ ಕಾರನ್ನು ನಿಲ್ಲಿಸಿ, ಎದುರು ತುದಿಯ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿದನು. ಜಾಕಿನಿಂದ ಎತ್ತಿದ ಮೇಲೆ, ಜಾಕನ್ನೇ ನಂಬದೆ, ಕೆಳಗೆ ಭದ್ರವಾದ ಸ್ಟ್ಯಾಂಡನ್ನು ಇರಿಸಿದನು. ಕ್ಯಾಲಿಪರನ್ನು ಬಿಚ್ಚಿ, ರಬ್ಬರು ಕೊಳವೆಯ ಮೇಲೆ ಅದರ ಭಾರ ಬೀಳದಂತೆ ತಂತಿಯಿಂದ ತೂಗುಹಾಕಿದನು. ಹೊರಬಂದ ಹಳೆಯ ಪ್ಯಾಡುಗಳು ಕುತೂಹಲಕರವಾಗಿದ್ದವು: ಹೊರಬದಿಯದು ಅರ್ಧವೂ ಸವೆದಿರಲಿಲ್ಲ, ಒಳಬದಿಯದು ಲೋಹ ಕಾಣುವಷ್ಟು ಸವೆದಿತ್ತು. ಕ್ಯಾಲಿಪರು ಸರಿದಾಡಬೇಕಾದ ಪಿನ್ನು ತುಕ್ಕಿನಿಂದ ಹಿಡಿದುಕೊಂಡಿತ್ತು. ಹೊಸ ಪ್ಯಾಡು ತುರುಕಿ ಕೈತೊಳೆದುಕೊಂಡಿದ್ದರೆ ಅದಕ್ಕೂ ಇದೇ ಗತಿಯಾಗುತ್ತಿತ್ತು. ಪಿನ್ನನ್ನು ಬಿಡಿಸಿ, ಉಜ್ಜಿ, ಅದಕ್ಕೆಂದೇ ಇರುವ ಗ್ರೀಸನ್ನು ಸವರಿದನು. ಡಿಸ್ಕಿನ ಮುಖಕ್ಕೆ ಮಾತ್ರ ಜಿಡ್ಡಿನ ಹನಿಯೂ ಸೋಕದಂತೆ ಎಚ್ಚರ ವಹಿಸಿದನು. ಬ್ರೇಕ್ ಧೂಳನ್ನು ಊದಲಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿದನು. ಡಿಸ್ಕಿನ ದಪ್ಪವನ್ನು ಅಳೆದು, ತಯಾರಕರು ವಿಧಿಸಿದ ಕನಿಷ್ಠ ಮಿತಿಗಿಂತ ಹೆಚ್ಚಿದೆಯೆಂದು ಖಚಿತಪಡಿಸಿಕೊಂಡನು. ಪಿಸ್ಟನ್ನನ್ನು ಹಿಂದಕ್ಕೆ ಒತ್ತುವ ಮೊದಲು ಬ್ರೇಕ್ ಆಯಿಲಿನ ಡಬ್ಬಿಯನ್ನು ನೋಡಿದನು; ಅದು ತುಂಬಿ ಹೊರಚೆಲ್ಲಿದರೆ ಕಾರಿನ ಬಣ್ಣವನ್ನೇ ತಿಂದುಬಿಡುತ್ತದೆ. ಆಚೆಯ ಚಕ್ರಕ್ಕೂ ಇದೇ ಉಪಚಾರ, ಏಕೆಂದರೆ ಒಂದೇ ಅಚ್ಚಿನ ಎರಡು ಚಕ್ರಗಳಿಗೆ ಹಿಡಿತ ಸಮನಾಗಿರಬೇಕು.

ಎಲ್ಲವನ್ನೂ ಜೋಡಿಸಿ, ನಟ್ಟುಗಳನ್ನು ಅಳತೆಯ ಬಿಗಿತಕ್ಕೆ ತಿರುಗಿಸಿದ ಮೇಲೂ ಒಂದು ಮುಖ್ಯ ಕಾರ್ಯ ಉಳಿದಿತ್ತು. ಹಿಂದಕ್ಕೆ ತಳ್ಳಿದ ಪಿಸ್ಟನ್ನು ಇನ್ನೂ ಪ್ಯಾಡನ್ನು ಮುಟ್ಟಿರುವುದಿಲ್ಲ. ಹಾಗೆಯೇ ಕಾರನ್ನು ಹೊರಡಿಸಿದರೆ ಮೊದಲ ಒತ್ತಿಗೆ ಪೆಡಲು ನೆಲಕ್ಕಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ನಿಂತಲ್ಲಿಯೇ ಪೆಡಲನ್ನು ಮತ್ತೆ ಮತ್ತೆ ಒತ್ತಿ, ಅದು ಗಟ್ಟಿಯಾದ ಮೇಲೆಯೇ ಚಲಿಸಬೇಕು. ಅನಂತರ ನಿರ್ಜನವಾದ ದಾರಿಯಲ್ಲಿ, ಪೂರ್ತಿ ನಿಲ್ಲಿಸದೆ, ಹಲವು ಬಾರಿ ವೇಗ ತಗ್ಗಿಸಿ ನಡುನಡುವೆ ತಣಿಯಲು ಬಿಟ್ಟು, ಪ್ಯಾಡು ಮತ್ತು ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳುವಂತೆ ಮಾಡಬೇಕು.

ವೇಗದ ಕಾರಿನ ಒಡೆಯರನ್ನು ಒಂದು ಮೋಹ ಕಾಡುವುದುಂಟು: ಪಂದ್ಯದ ಕಾರುಗಳ ಪ್ಯಾಡನ್ನೇ ತಮ್ಮ ಕಾರಿಗೂ ತೊಡಿಸಬೇಕೆಂಬುದು. ಆ ಪ್ಯಾಡುಗಳು ಕಾದಾಗ ವೀರರು. ತಣ್ಣಗಿರುವಾಗ ಅವುಗಳ ಹಿಡಿತ ಮಂದ. ಚಳಿಗಾಲದ ಮುಂಜಾನೆ ಬೀದಿಗೆ ಓಡಿಬಂದ ಮಗುವಿಗೆ, ಪ್ಯಾಡು ಕಾಯುವವರೆಗೆ ಕಾಯಲು ಬಿಡುವಿಲ್ಲ. ಬ್ರೇಕ್ ಆಯಿಲಿನ ವಿಷಯವೂ ಹಾಗೆಯೇ. ಡಾಟ್ 4 ಎಂಬ ಬಗೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಗಾಳಿಯ ತೇವವನ್ನು ಹೀರಿದಾಗ ಈ ಮಿತಿ 155ಕ್ಕೆ ಇಳಿಯುತ್ತದೆ. ಕುದಿದ ಎಣ್ಣೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಪೆಡಲಿನ ಒತ್ತಡ ಆ ಗುಳ್ಳೆಗಳಲ್ಲಿಯೇ ಅಡಗಿಹೋಗುತ್ತದೆ.

ಹಾಗಾದರೆ ಎಲ್ಲರೂ ಮನೆಯಲ್ಲಿಯೇ ಈ ಕೆಲಸಕ್ಕೆ ಕೈಹಾಕಬೇಕೇ? ಹಾಗೆನ್ನಲಾರೆ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೂ ಉತ್ತೀರ್ಣರಾಗಬಹುದು. ಬ್ರೇಕಿನಲ್ಲಿ ತೊಂಬತ್ತೊಂಬತ್ತು ಬಂದರೂ ಅನುತ್ತೀರ್ಣವೇ. ತಯಾರಕರ ಕೈಪಿಡಿ, ತಕ್ಕ ಉಪಕರಣ, ಅವಸರವಿಲ್ಲದ ಮನಸ್ಸು, ಈ ಮೂರರಲ್ಲಿ ಒಂದಿಲ್ಲದಿದ್ದರೂ ಮೆಕ್ಯಾನಿಕರ ಬಳಿಗೆ ಹೋಗುವುದೇ ಲೇಸು. ಆದರೆ ಮಾಡಿಸುವವನಿಗೂ ತಿಳಿವಳಿಕೆ ಬೇಕು. ಎರಡು ಪ್ಯಾಡುಗಳು ಸಮನಾಗಿ ಸವೆದಿವೆಯೇ ಎಂದಾದರೂ ಕೇಳಬೇಕು. ನಮ್ಮ ಕಾಲೇಜುಗಳಲ್ಲಿ ಕಲಿತವರು ಕೈ ಕರಿಯಾಗುವ ಕೆಲಸವನ್ನು ವಿದ್ಯೆಯೆಂದು ಎಣಿಸುವುದಿಲ್ಲ. ಕರ್ಣನಂತಹ ಅತಿರಥನೂ ಚಕ್ರ ನೆಲದಲ್ಲಿ ಹೂತಾಗ ತಾನೇ ಇಳಿದು ಕೈಕೊಟ್ಟನೆಂಬುದನ್ನು ತರಗತಿಯಲ್ಲಿ ಪಾಠ ಹೇಳುವ ನಾವೇ ಮರೆಯುತ್ತೇವೆ. ಚಕ್ರದ ಹಿಂದೆ ಅಡಗಿ ದಿನದಿನವೂ ಸವೆಯುತ್ತ ನಮ್ಮನ್ನೂ ಎದುರು ಬರುವವರನ್ನೂ ಕಾಯುತ್ತಿರುವ ವಸ್ತುವನ್ನು ವರ್ಷಕ್ಕೊಮ್ಮೆಯಾದರೂ ಬಾಗಿ ನೋಡುವುದು, ದಾರಿಯನ್ನು ಹಂಚಿಕೊಂಡವರಿಗೆ ನಾವು ಸಲ್ಲಿಸಬೇಕಾದ ಮರ್ಯಾದೆ.