ಗುಜರಿಗೆ ಹೋಗುವ ಕಾರು ಶಾಲೆಗೆ ಹೋಗಲಿ

ಹದಿನೈದು ವರ್ಷ ದುಡಿದ ಕಾರು ವ್ಯಾಪಾರಸ್ಥನ ಲೆಕ್ಕಪುಸ್ತಕದಲ್ಲಿ ಬಹುಮಟ್ಟಿಗೆ ಕರಗಿಹೋಗಿರುತ್ತದೆ. ಐದು ಲಕ್ಷ ರೂಪಾಯಿಗೆ ಕೊಂಡ ಕಾರಿನ ಮೇಲೆ, ಆದಾಯ ತೆರಿಗೆಯ ಕ್ರಮದಂತೆ, ಪ್ರತಿವರ್ಷ ಉಳಿದ ಮೊತ್ತಕ್ಕೆ ಶೇ. 15ರ ಸವಕಳಿ ಕಳೆಯುತ್ತ ಹೋದರೆ ಹದಿನೈದನೆಯ ವರ್ಷದ ಕೊನೆಗೆ ಉಳಿಯುವುದು ಸುಮಾರು 43,700 ರೂಪಾಯಿ ಮಾತ್ರ. ಖಾಸಗಿ ಕಾರಿನ ಮೊದಲ ನೋಂದಣಿಯ ಅವಧಿಯೂ ಅಷ್ಟರಲ್ಲಿ ಮುಗಿದಿರುತ್ತದೆ. ಅಂಥ ಕಾರಿನ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿಸಲಾಯಿತು. ಹೀಗಾಗಿ ಗೋದಾಮಿನ ಹಿತ್ತಲಲ್ಲಿ ಮಳೆ-ಬಿಸಿಲಿಗೆ ನಿಂತ ಕಾರು ಕೊನೆಗೆ ಗುಜರಿಯವನ ತಕ್ಕಡಿ ಸೇರುತ್ತದೆ. ಆದರೆ ಯಾವ ಜಮಾಖರ್ಚಿನಲ್ಲಿಯೂ ಕಾಣದ ಒಂದು ಮೌಲ್ಯ ಆ ಕಾರಿಗೆ ಉಳಿದಿರುತ್ತದೆ. ಅದು ಕಲಿಕೆಯ ಮೌಲ್ಯ.

ಪಠ್ಯವಿದೆ, ಬಿಚ್ಚಲು ಕಾರು ಬೇಕು

ಅಮೆರಿಕದಲ್ಲಿ 1917ರ ಸ್ಮಿತ್-ಹ್ಯೂಸ್ ಕಾಯ್ದೆಯು ವೃತ್ತಿಶಿಕ್ಷಣಕ್ಕೆ ಕೇಂದ್ರ ಸರ್ಕಾರದ ಹಣ ಒದಗಿಸಿತು. ಅಲ್ಲಿಯ ಪ್ರೌಢಶಾಲೆಗಳ ಕಾರ್ಯಾಗಾರಗಳಲ್ಲಿ ವಿದ್ಯಾರ್ಥಿಗಳು ಹಳೆಯ ಕಾರನ್ನು ಬಿಚ್ಚಿ, ದುರಸ್ತಿ ಮಾಡಿ, ಕೆಲವೊಮ್ಮೆ ಅದರ ಎತ್ತರವನ್ನೂ ಹೆಚ್ಚಿಸಿ ಕಲಿಯುವುದುಂಟು. ನಮ್ಮಲ್ಲಿಯೂ ದಾರಿ ತೆರೆದಿದೆ. ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು 2013ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಅದರನ್ವಯ ಕರ್ನಾಟಕದ ಆಯ್ದ ಪ್ರೌಢಶಾಲೆಗಳ ಮಕ್ಕಳು ಎಸ್.ಎಸ್.ಎಲ್.ಸಿ.ಯಲ್ಲಿ ತೃತೀಯ ಭಾಷೆಯ ಬದಲಿಗೆ ಆಟೋಮೊಬೈಲ್ ವಿಷಯವನ್ನು ಆರಿಸಿಕೊಳ್ಳಬಹುದಾಗಿದೆ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆಯು ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳಿಗೆ ಮೂರು ವರ್ಷಗಳ ತರಬೇತಿ ನೀಡುತ್ತ ಬಂದಿದೆ. ಆದರೆ ಕ್ಲಚ್ಚಿನ ಚಿತ್ರ ನೋಡಿದವನಿಗೆ ಕ್ಲಚ್ ತಿಳಿಯದು. ಪಾನಾ ಹಿಡಿದು ಬಿಚ್ಚಿ, ತಿರುಗಿ ಜೋಡಿಸಿದವನಿಗೆ ಮಾತ್ರ ಅದು ತಿಳಿದೀತು.

ನಮ್ಮ ಜಿಲ್ಲೆಯ ಅಗತ್ಯ

ಕಬ್ಬಿನ ಹಂಗಾಮಿನಲ್ಲಿ ತುಳಸಿಗೇರಿಯ ರಸ್ತೆಯ ಬದಿಗೆ ನಿಂತರೆ ಈ ಮಾತಿಗೆ ಬೇರೆ ಪುರಾವೆ ಬೇಕಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಕಲಾದಗಿಯ ದಾಳಿಂಬೆ ಮತ್ತು ಚಿಕ್ಕು ಸಾಗಿಸುವ ಗಾಡಿಗಳು, ಅತ್ತ ಇಳಕಲ್ಲಿನ ಗ್ರಾನೈಟ್ ಹೊತ್ತ ಲಾರಿಗಳು: ನಮ್ಮ ವ್ಯಾಪಾರವೆಲ್ಲ ಗಾಲಿಯ ಮೇಲೆ ಕುಳಿತಿದೆ. ಗಾಡಿ ಒಂದು ದಿನ ಕೆಟ್ಟು ನಿಂತರೆ ಬಾಡಿಗೆ, ಮಾಲು, ಮಾತು ಮೂರೂ ಕೆಡುತ್ತವೆ.

ಹಿಂದೆ ಗ್ಯಾರೇಜಿನಲ್ಲಿ ಎಳೆಯ ಹುಡುಗರು ಪಾನಾ ಎತ್ತಿಕೊಡುತ್ತ ಕೆಲಸ ಕಲಿಯುತ್ತಿದ್ದರು, ಅದರ ಬೆಲೆಯಾಗಿ ಶಾಲೆಯನ್ನು ಬಿಡುತ್ತಿದ್ದರು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯು 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿ, 18 ವರ್ಷದೊಳಗಿನವರನ್ನು ಅಪಾಯಕಾರಿ ಕೆಲಸಗಳಿಂದ ದೂರವಿರಿಸಿದೆ. ಇದು ಸರಿಯಾದ ಕ್ರಮವೇ. ಆದರೆ ಮುಚ್ಚಿದ ಬಾಗಿಲಿಗೆ ಬದಲಾಗಿ ಇನ್ನೊಂದನ್ನು ತೆರೆಯದಿದ್ದರೆ ನಾಳೆ ನಮ್ಮ ಗಾಡಿಗಳನ್ನು ದುರಸ್ತಿ ಮಾಡುವವರು ಯಾರು? ಶಾಲೆ ಬಿಡದೆ, ಶಿಕ್ಷಕರ ಕಣ್ಣೆದುರಿನಲ್ಲಿ ಕಲಿಯುವ ಕಾರ್ಯಾಗಾರವೇ ಆ ಇನ್ನೊಂದು ಬಾಗಿಲು.

ಎತ್ತುವುದು ಬೇರೆ, ಎತ್ತರಿಸುವುದು ಬೇರೆ

ಕಲಿಕೆಗೆ ಸರಳವಾದ ಕಾರೇ ಮೇಲು. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಇದಕ್ಕೆ ಯೋಗ್ಯ ಉದಾಹರಣೆ. 796 ಸಿ.ಸಿ.ಯ ಮೂರು ಸಿಲಿಂಡರಿನ ಚಿಕ್ಕ ಎಂಜಿನ್, ಹಳೆಯ ಮಾದರಿಗಳಲ್ಲಿ ಕಾರ್ಬುರೇಟರ್. ಹುಡುಗರಿಗೆ ಅರ್ಥವಾಗುವ ಯಂತ್ರ. ಮೊದಲ ಪಾಠ ಕಾರನ್ನು ಎತ್ತುವುದು. ಕೇವಲ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು. ಗಟ್ಟಿ ನೆಲದ ಮೇಲೆ, ಗಾಲಿಗೆ ಅಡೆ ಕೊಟ್ಟು, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದ ನಂತರವೇ ಕೆಲಸ. ಆಮೇಲೆ ಬ್ರೇಕ್, ಕ್ಲಚ್, ಎಂಜಿನ್, ಕೊನೆಗೆ ವಿದ್ಯುತ್ ಜೋಡಣೆ.

ಕಾರನ್ನು ಕಾಯಂ ಆಗಿ ಎತ್ತರಿಸುವ ಹವ್ಯಾಸ ನಮ್ಮಲ್ಲಿಯೂ ಇದೆ. ಎರೆ ಭೂಮಿಯ ಕೆಸರು ಮತ್ತು ಹದಗೆಟ್ಟ ರಸ್ತೆಗೆ ಹೆದರಿ ಕೆಲವರು ಸ್ಪ್ರಿಂಗಿಗೆ ಸ್ಪೇಸರ್ ಹಾಕಿಸುತ್ತಾರೆ. ಅದರಿಂದ ಗುರುತ್ವ ಕೇಂದ್ರ ಮೇಲೇರಿ ತಿರುವಿನಲ್ಲಿ ಕಾರು ಮಗುಚುವ ಅಪಾಯ ಹೆಚ್ಚುತ್ತದೆ, ಡ್ರೈವ್ ಶಾಫ್ಟಿನ ಕೋನ ಬದಲಾಗಿ ಅದರ ಜಾಯಿಂಟ್ ಬೇಗ ಸವೆಯುತ್ತದೆ, ಬ್ರೇಕಿನ ಹೋಸ್ ಬಿಗಿಯಾಗಬಹುದು, ದೀಪದ ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತದೆ. ಕಾನೂನೂ ಇದನ್ನು ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ ಇಂಥ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ರಸ್ತೆಗಿಳಿಯದ ಶಾಲೆಯ ಕಾರಿನ ಮೇಲೆ ಸ್ಪೇಸರ್ ಹಾಕಿ, ಈ ದೋಷಗಳನ್ನು ಅಳೆದು ತೋರಿಸಿ, ತಿರುಗಿ ತೆಗೆಸುವುದು ಒಳ್ಳೆಯ ಪಾಠವಾದೀತು.

ಕೊಡುವ ಮುನ್ನ ಗಮನಿಸಬೇಕಾದ ಅಂಶಗಳು

1. ಕಾರು ಕೊಟ್ಟು ಆರ್.ಸಿ. ಪುಸ್ತಕವನ್ನು ತಮ್ಮ ಹೆಸರಿನಲ್ಲಿಯೇ ಇಟ್ಟುಕೊಳ್ಳಬಾರದು. ವರ್ಗಾವಣೆಯಾಗದ ವಾಹನದಿಂದ ಅಪಘಾತವಾದಲ್ಲಿ ನೋಂದಾಯಿತ ಮಾಲೀಕನೇ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ. ಶಾಶ್ವತವಾಗಿ ಬಳಕೆಗೆ ಬಾರದ ವಾಹನದ ನೋಂದಣಿ ರದ್ದತಿಗೆ 55ನೆಯ ಕಲಮಿದೆ. ಆರ್.ಟಿ.ಓ. ಕಚೇರಿಗೆ ಉದ್ದೇಶವನ್ನು ಲಿಖಿತವಾಗಿ ತಿಳಿಸಿ, ಅವರು ಸೂಚಿಸಿದ ಕ್ರಮವನ್ನು ಮೊದಲೇ ಪೂರೈಸತಕ್ಕದ್ದು.

2. ವಸ್ತುರೂಪದ ದಾನಕ್ಕೆ ಆದಾಯ ತೆರಿಗೆಯ 80ಜಿ ಮಾದರಿಯ ವಿನಾಯಿತಿ ಇಲ್ಲ. ಅದು ಹಣದ ದಾನಕ್ಕೆ ಮಾತ್ರ. ಆ ಆಸೆಯಿಂದ ಕೊಡುವುದು ಬೇಡ.

3. ಖರೀದಿಯ ವೇಳೆ ತೆರಿಗೆ ಜಮೆಯನ್ನು ಪಡೆಯದ ಕಾರಿನ ದಾನಕ್ಕೆ ಜಿ.ಎಸ್.ಟಿ. ತಗಲದು. ಜಮೆ ಪಡೆದ ಸರಕು ವಾಹನವಾದರೆ ಪ್ರತಿಫಲವಿಲ್ಲದಿದ್ದರೂ ಅದು ಸರಬರಾಜು ಎನಿಸುತ್ತದೆ.

4. ದಾನಪತ್ರ ಬರೆದು, ಶಾಲೆಯ ದಾಸ್ತಾನು ವಹಿಯಲ್ಲಿ ನಮೂದು ಮಾಡಿಸಿ, ಮುಖ್ಯೋಪಾಧ್ಯಾಯರ ಸ್ವೀಕೃತಿ ಪಡೆಯಬೇಕು. ಸವಕಳಿಯ ಲೆಕ್ಕದಲ್ಲಿ ಅದೊಂದೇ ಆಸ್ತಿ ಉಳಿದಿದ್ದರೆ ತಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸಿಕೊಳ್ಳುವುದು ಲೇಸು.

5. ಹಳೆಯ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಚರಂಡಿಗೆ ಸುರಿಯದೆ ಅಧಿಕೃತ ಸಂಸ್ಕರಣಕಾರರಿಗೆ ಒಪ್ಪಿಸಬೇಕು.

ಕಾರೊಂದನ್ನು ಶಾಲೆಯ ಅಂಗಳಕ್ಕೆ ತಳ್ಳಿ ಬಂದರೆ ದಾನ ಪೂರ್ಣವಾಗದು. ಪಾನಾಗಳ ಒಂದು ಸೆಟ್, ನಾಲ್ಕು ಸ್ಟ್ಯಾಂಡು, ಮಕ್ಕಳಿಗೆ ಅಪಘಾತ ವಿಮೆ, ವಾರಕ್ಕೊಮ್ಮೆ ಬಂದು ಕಲಿಸುವ ಅನುಭವಿ ಮೆಕ್ಯಾನಿಕ್, ಇಷ್ಟಾದರೂ ಜೊತೆಗಿರಬೇಕು. ಕಾರುಳ್ಳವರು, ಬಿಡಿಭಾಗದ ವ್ಯಾಪಾರಿಗಳು, ಗ್ಯಾರೇಜಿನ ಮಾಲೀಕರು ಎಲ್ಲರೂ ನಮ್ಮ ಸದಸ್ಯರಲ್ಲಿಯೇ ಇದ್ದಾರೆ. ಆಟೋಮೊಬೈಲ್ ವಿಷಯವಿರುವ ಒಂದು ಶಾಲೆಯನ್ನು ಆರಿಸಿ, ಈ ಮೂವರನ್ನು ಒಂದು ಮೇಜಿನ ಸುತ್ತ ಕೂರಿಸುವ ಕೆಲಸವನ್ನು ವಾಣಿಜ್ಯ ಸಂಸ್ಥೆಯು ಕೈಗೆತ್ತಿಕೊಳ್ಳಲಿ. ಮುಂದಿನ ಶೈಕ್ಷಣಿಕ ವರ್ಷದ ಆರಂಭಕ್ಕೆ ಒಂದು ಕಾರು ಸಿದ್ಧವಾದರೂ ಸಾಕು.