ಕಾರ್ನಿಯಾದ ಮೇಲೆ ಸರಿದ ಗೆರೆ

1905ರ ಡಿಸೆಂಬರ್ 7. ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿದ್ದು, ಈಗ ಚೆಕ್ ಗಣರಾಜ್ಯಕ್ಕೆ ಸೇರಿರುವ ಓಲೊಮೋಟ್ಸ್ ಪಟ್ಟಣದ ಆಸ್ಪತ್ರೆ. ನೇತ್ರವೈದ್ಯ ಎಡುವರ್ಡ್ ಜಿರ್ಮ್ ಅವರ ಬಳಿ ಇಬ್ಬರು ರೋಗಿಗಳಿದ್ದರು. ಅಲೋಯ್ಸ್ ಗ್ಲೋಗರ್ ಎಂಬ ಕೂಲಿಯಾಳಿಗೆ ಸುಣ್ಣ ಬಿದ್ದು ಎರಡೂ ಕಣ್ಣಿನ ಕಾರ್ನಿಯಾ, ಎಂದರೆ ಕಣ್ಣಿನ ಮುಂಭಾಗದ ತಿಳಿಯಾದ ಪದರ, ಬೆಳ್ಳಗಾಗಿತ್ತು. ಇನ್ನೊಬ್ಬ 11 ವರ್ಷದ ಹುಡುಗ. ಕಬ್ಬಿಣದ ಚೂರು ಹೊಕ್ಕಿದ್ದ ಅವನ ಕಣ್ಣನ್ನು ತೆಗೆಯದೆ ಬೇರೆ ದಾರಿಯಿರಲಿಲ್ಲ. ಜಿರ್ಮ್ ಹುಡುಗನ ಆ ಒಂದೇ ಕಣ್ಣಿನ ಕಾರ್ನಿಯಾದಿಂದ ಎರಡು ಪುಟ್ಟ ಬಿಲ್ಲೆಗಳನ್ನು ಕತ್ತರಿಸಿ ಗ್ಲೋಗರ್‌ನ ಎರಡೂ ಕಣ್ಣುಗಳಿಗೆ ಕೂರಿಸಿದರು. ಬಲಗಣ್ಣಿನ ಕಸಿ ಉಳಿಯಲಿಲ್ಲ. ಎಡಗಣ್ಣಿನದು ತಿಳಿಯಾಗಿಯೇ ಉಳಿಯಿತು, ಗ್ಲೋಗರ್ ಮತ್ತೆ ಹೊಲದ ಕೆಲಸಕ್ಕೆ ಹೋದ. ಮನುಷ್ಯರಿಂದ ಮನುಷ್ಯರಿಗೆ ಮಾಡಿದ ಕಾರ್ನಿಯಾ ಕಸಿಗಳಲ್ಲಿ ಪೂರ್ತಿ ಯಶಸ್ಸು ಕಂಡ ಮೊದಲನೆಯದು ಅದು.

ಅದೇ ದಾನಿ, ಅದೇ ವೈದ್ಯ, ಅದೇ ದಿನ. ಆದರೂ ಒಂದು ಕಸಿ ಉಳಿಯಿತು, ಇನ್ನೊಂದು ಹೋಯಿತು. ಶಸ್ತ್ರಚಿಕಿತ್ಸೆ ಹೇಗೆಂಬುದು ಅಂದೇ ಗೊತ್ತಾಯಿತು. ಅದು ಮುಗಿದ ಮೇಲೆ ಕಣ್ಣಿನೊಳಗೆ ಏನು ನಡೆಯುತ್ತದೆ ಎಂಬುದು ತಿಳಿಯಲು ಮಾತ್ರ ಇನ್ನೂ ಅರವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಇಂದು ಕಸಿ ಮಾಡಿಸಿಕೊಂಡು ಬಾಳುತ್ತಿರುವ ಪ್ರತಿಯೊಬ್ಬರಿಗೂ ಆ ಎರಡನೆಯ ಶೋಧವೇ ಹೆಚ್ಚು ಮುಖ್ಯವಾದದ್ದು ಎಂದು ನಾನು ನಂಬಿದ್ದೇನೆ.

ಜಿರ್ಮ್‌ಗಿಂತ ಮೊದಲೂ ಪ್ರಯತ್ನಗಳು ನಡೆದಿದ್ದವು. 1838ರಲ್ಲಿ ನ್ಯೂಯಾರ್ಕಿನ ರಿಚರ್ಡ್ ಕಿಸ್ಸಮ್ ಹಂದಿಯ ಕಾರ್ನಿಯಾವನ್ನು ಮನುಷ್ಯನ ಕಣ್ಣಿಗೆ ಹಾಕಿದ್ದರು. ಅದು ಬೇಗನೆ ಮಸುಕಾಯಿತು. ಜಿರ್ಮ್ ನಂತರ, 1930ರ ದಶಕದಲ್ಲಿ, ಒಡೆಸ್ಸಾದ ವ್ಲಾದಿಮಿರ್ ಫಿಲಾತೊವ್ ಸತ್ತವರ ಕಣ್ಣಿನಿಂದ ತೆಗೆದ ಕಾರ್ನಿಯಾ ಕೂಡ ಕಸಿಗೆ ಬರುತ್ತದೆ ಎಂದು ತೋರಿಸಿದರು. ನೇತ್ರದಾನಕ್ಕೆ ಬಾಗಿಲು ತೆರೆದದ್ದೇ ಈ ಕೆಲಸ. 1944ರಲ್ಲಿ ನ್ಯೂಯಾರ್ಕಿನಲ್ಲಿ ಟೌನ್‌ಲೀ ಪೇಟನ್ ನೇತ್ರ ಬ್ಯಾಂಕ್ ಆರಂಭಿಸಿದರು. ಮರುವರ್ಷವೇ ಮದರಾಸಿನಲ್ಲಿ ಡಾ. ಆರ್.ಇ.ಎಸ್. ಮುತ್ತಯ್ಯ ಅವರ ಮುತುವರ್ಜಿಯಿಂದ ಭಾರತದ ಮೊದಲ ನೇತ್ರ ಬ್ಯಾಂಕ್ ಶುರುವಾಯಿತು.

ಕಸಿಗಳು ಹೆಚ್ಚಿದಂತೆ ಒಂದು ಒಗಟು ಎಲ್ಲ ಕಡೆಯ ವೈದ್ಯರನ್ನೂ ಕಾಡತೊಡಗಿತು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿರುತ್ತಿತ್ತು, ಕಾರ್ನಿಯಾ ಗಾಜಿನಂತೆ ತಿಳಿಯಾಗಿರುತ್ತಿತ್ತು. ರೋಗಿ ಮನೆಯವರ ಮುಖ ನೋಡಿ ಸಂತೋಷಪಟ್ಟಿರುತ್ತಿದ್ದ. ವಾರಗಳು ಕಳೆದ ಮೇಲೆ ಇದ್ದಕ್ಕಿದ್ದಂತೆ ಕಣ್ಣು ಕೆಂಪಾಗಿ, ಕಸಿ ಊದಿಕೊಂಡು, ನೋಟ ಮತ್ತೆ ಮಬ್ಬಾಗುತ್ತಿತ್ತು. ಸೋಂಕು ಇಲ್ಲ, ಪೆಟ್ಟು ಬಿದ್ದಿಲ್ಲ. ಹೊಲಿಗೆ ಸರಿಯಾಗಲಿಲ್ಲವೇ, ದಾನಿಯ ಕಣ್ಣು ಹಳತಾಗಿತ್ತೇ, ಕಸಿಗೆ ಪೋಷಣೆ ಸಾಲಲಿಲ್ಲವೇ ಎಂದು ಒಬ್ಬೊಬ್ಬರದು ಒಂದೊಂದು ಊಹೆ.

ಉತ್ತರದ ಮೊದಲ ಎಳೆ ಸಿಕ್ಕಿದ್ದು ಚರ್ಮದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಟ್ಟಗಾಯದವರಿಗೆ ಚರ್ಮ ಕಸಿ ಮಾಡುವ ಪ್ರಶ್ನೆಯನ್ನು ಜೀವವಿಜ್ಞಾನಿ ಪೀಟರ್ ಮೆಡಾವರ್ ಕೈಗೆತ್ತಿಕೊಂಡರು. ಗ್ಲಾಸ್ಗೋದಲ್ಲಿ ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಜೊತೆ ಸೇರಿ, ಸುಟ್ಟುಹೋಗಿದ್ದ ಒಬ್ಬ ಹೆಣ್ಣುಮಗಳಿಗೆ ಅವಳ ಅಣ್ಣತಮ್ಮಂದಿರಲ್ಲೊಬ್ಬನ ಚರ್ಮ ಹಾಕಿದಾಗ ಏನಾಗುತ್ತದೆಂದು ಗಮನಿಸಿದರು. ಮೊದಲ ಸಲ ಹಾಕಿದ ಚರ್ಮ ಸ್ವಲ್ಪ ಕಾಲ ನಿಂತು ನಾಶವಾಯಿತು. ಅದೇ ದಾನಿಯದನ್ನು ಎರಡನೆಯ ಸಲ ಹಾಕಿದಾಗ ಇನ್ನೂ ಬೇಗ ಹೋಯಿತು. ಹೊರಗಿನ ಅಂಗಾಂಶವನ್ನು ದೇಹ ಗುರುತಿಟ್ಟುಕೊಂಡು ಹೊರದಬ್ಬುತ್ತದೆ ಎಂಬುದು 1943ರ ಆ ವರದಿಯ ತಿರುಳು.

1948ರಲ್ಲಿ ಮೆಡಾವರ್ ಮೊಲದ ಕಣ್ಣಿನ ಮುಂಭಾಗದ ದ್ರವದೊಳಗೆ ಬೇರೆ ಮೊಲದ ಚರ್ಮದ ತುಣುಕನ್ನು ಇಟ್ಟು ನೋಡಿದರು. ರಕ್ತನಾಳ ತಲುಪದಿದ್ದ ತುಣುಕು ಬದುಕಿತು. ರಕ್ತನಾಳ ಒಳಹೊಕ್ಕ ತುಣುಕು ನಾಶವಾಯಿತು. ಆರೋಗ್ಯವಂತ ಕಾರ್ನಿಯಾದಲ್ಲಿ ರಕ್ತನಾಳಗಳೇ ಇರುವುದಿಲ್ಲ. ಮೂತ್ರಪಿಂಡದಂಥ ಅಂಗ ಬದಲಿಸುವ ಕನಸು ನನಸಾಗುವ ಎಷ್ಟೋ ಮೊದಲೇ ಕಾರ್ನಿಯಾ ಕಸಿ ಗೆದ್ದದ್ದಕ್ಕೆ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಸುಣ್ಣದಿಂದಲೋ ಹಳೆಯ ಸೋಂಕಿನಿಂದಲೋ ರಕ್ತನಾಳ ಬೆಳೆದಿರುವ ಕಣ್ಣಿನಲ್ಲಿ ಕಸಿ ಉಳಿಸುವುದು ಇಂದಿಗೂ ಕಷ್ಟವಾಗಿರುವುದೂ ಇದರಿಂದಲೇ.

ಇಷ್ಟಾದರೂ ಮಬ್ಬಾದ ಕಾರ್ನಿಯಾಕ್ಕೂ ಈ ಹೊರದಬ್ಬುವಿಕೆಗೂ ನೇರ ಸಂಬಂಧವಿದೆ ಎಂದು ಯಾರಾದರೂ ತೋರಿಸಬೇಕಿತ್ತು. ಅಮೆರಿಕದ ಎಡ್ವರ್ಡ್ ಮಾಮೆನಿ ಮೊಲಗಳಲ್ಲಿ ಅದನ್ನು ಮಾಡಿದರು. ಕಾರ್ನಿಯಾ ಕಸಿ ತಿಳಿಯಾಗಿ ನೆಲೆಯೂರಿದ ಮೊಲಕ್ಕೆ, ಅದೇ ದಾನಿ ಮೊಲದ ಚರ್ಮವನ್ನು ಮೈಮೇಲೆ ಹಾಕಿದರು. ಕಣ್ಣನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಕಸಿ ಮಬ್ಬಾಯಿತು. ಮೈ ಚರ್ಮವನ್ನು ಗುರುತಿಸಿತು, ಆ ಗುರುತಿನ ಮೇಲೆ ಕಣ್ಣಿನ ಕಸಿಯನ್ನೂ ಹುಡುಕಿಕೊಂಡು ಹೋಯಿತು. 1951ರಲ್ಲಿ ಪ್ರಕಟವಾದ ಈ ಪ್ರಯೋಗದ ನಂತರ ಎಲ್ಲ ತಪ್ಪನ್ನೂ ಹೊಲಿಗೆಯ ಮೇಲೆ ಹೊರಿಸುವಂತಿರಲಿಲ್ಲ.

ಹಾಗಾದರೆ ಆ ದಾಳಿ ಕಾರ್ನಿಯಾದ ಯಾವ ಭಾಗದ ಮೇಲೆ? ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾದಲ್ಲಿ ಹೊರಗೆ ಎಪಿಥೀಲಿಯಂ, ನಡುವೆ ದಪ್ಪನೆಯ ಸ್ಟ್ರೋಮಾ, ಒಳಗೆ ಒಂದೇ ಸಾಲಿನ ಜೀವಕೋಶಗಳ ಎಂಡೋಥೀಲಿಯಂ ಇವೆ. ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿರುವ ವಿಲ್ಮರ್ ಸಂಸ್ಥೆಯಲ್ಲಿ ಇರಾನಿನ ಅಲಿ ಅಸ್ಗರ್ ಖೋದಾದೂಸ್ತ್ ಮತ್ತು ರೋಗನಿರೋಧ ವಿಜ್ಞಾನಿ ಆರ್ಥರ್ ಸಿಲ್ವರ್‌ಸ್ಟೀನ್ ಈ ಪದರಗಳನ್ನು ಬಿಡಿಬಿಡಿಯಾಗಿ ಕಸಿ ಮಾಡಿ ಪರೀಕ್ಷಿಸಿದರು. 1969ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು: ಪ್ರತಿ ಪದರವನ್ನೂ ದೇಹ ಬೇರೆಬೇರೆಯಾಗಿ ತಿರಸ್ಕರಿಸಬಲ್ಲದು.

ಒಳಪದರದ ತಿರಸ್ಕಾರದಲ್ಲಿ ಅವರಿಗೆ ಒಂದು ಗೆರೆ ಕಂಡಿತು. ಬಿಳಿ ರಕ್ತಕಣಗಳು ಸಾಲುಗಟ್ಟಿ, ಸಾಮಾನ್ಯವಾಗಿ ರಕ್ತನಾಳಕ್ಕೆ ಹತ್ತಿರದ ಅಂಚಿನಿಂದ ಹೊರಟು, ದಿನದಿಂದ ದಿನಕ್ಕೆ ಕಸಿಯ ಒಳಮೈಯ ಮೇಲೆ ಮುಂದೆ ಸರಿಯುತ್ತಿದ್ದವು. ಗೆರೆಯ ಹಿಂದೆ ಜೀವಕೋಶಗಳು ನಾಶವಾಗಿ ಕಾರ್ನಿಯಾ ಊದಿ ಮಬ್ಬಾಗಿತ್ತು, ಗೆರೆಯ ಮುಂದೆ ಇನ್ನೂ ತಿಳಿಯಾಗಿತ್ತು. ಲೋಕದ ನೇತ್ರವೈದ್ಯರೆಲ್ಲ ಇಂದು ಅದನ್ನು ಖೋದಾದೂಸ್ತ್ ಗೆರೆ ಎಂದೇ ಕರೆಯುತ್ತಾರೆ.

ಆ ಗೆರೆಗೆ ಇಷ್ಟು ಮಹತ್ವ ಬಂದದ್ದೇಕೆ? ಎಂಡೋಥೀಲಿಯಂ ಕಾರ್ನಿಯಾದೊಳಗೆ ಜಿನುಗುವ ನೀರನ್ನು ಹಗಲಿರುಳೂ ಹೊರಗೆ ಪಂಪು ಮಾಡುತ್ತಿರುತ್ತದೆ. ಆ ಕೆಲಸ ನಿಂತರೆ ಕಾರ್ನಿಯಾ ನೀರು ಹೀರಿ ಮಬ್ಬಾಗುತ್ತದೆ. ಹೊರಪದರ ಹೋದರೆ ರೋಗಿಯ ಸ್ವಂತ ಕೋಶಗಳು ಬಂದು ತುಂಬಿಕೊಳ್ಳುತ್ತವೆ. ಮನುಷ್ಯರ ಎಂಡೋಥೀಲಿಯಂ ಕೋಶಗಳಾದರೋ ಸತ್ತರೆ ಮತ್ತೆ ಹುಟ್ಟುವುದಿಲ್ಲ ಎಂದೇ ಹೇಳಬೇಕು. ವಯಸ್ಕರಲ್ಲಿ ಒಂದು ಚದರ ಮಿಲಿಮೀಟರಿಗೆ ಸುಮಾರು 2500 ಇರುವ ಈ ಕೋಶಗಳು 500ಕ್ಕಿಂತ ಕೆಳಗಿಳಿದರೆ ಕಾರ್ನಿಯಾ ತಿಳಿಯಾಗಿ ಉಳಿಯುವುದು ದುಸ್ತರ. ಗೆರೆ ದಾಟಿಹೋದ ಜಾಗ ಮರಳಿ ಬಾರದು, ಗೆರೆ ಇನ್ನೂ ಮುಟ್ಟದ ಜಾಗವನ್ನು ಉಳಿಸಿಕೊಳ್ಳಬಹುದು. ಸ್ಟಿರಾಯ್ಡ್ ಹನಿಗಳನ್ನು ತಕ್ಷಣ, ಪದೇಪದೇ ಹಾಕಿದರೆ ಎಷ್ಟೋ ಸಲ ಆ ಗೆರೆ ಅಲ್ಲಿಗೇ ನಿಲ್ಲುತ್ತದೆ.

ಪ್ರಯೋಗಾಲಯದ ಶೋಧ ಮನೆಯೊಳಗೆ ಬರುವುದು ಇಲ್ಲಿ. ಗೆರೆಯ ಸುಳಿವು ಮೊದಲು ಸಿಗುವುದು ವೈದ್ಯರಿಗಲ್ಲ, ಕಸಿ ಪಡೆದವರಿಗೆ. ಕಣ್ಣು ಕೆಂಪಾಗುವುದು, ಬೆಳಕು ಚುಚ್ಚುವುದು, ನೋಟ ಮಬ್ಬಾಗುವುದು, ನೋವು: ಈ ನಾಲ್ಕರಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಕಸಿಯಾಗಿ ಹತ್ತು ವರ್ಷ ಕಳೆದಿದ್ದರೂ ಈ ಮಾತು ಬದಲಾಗುವುದಿಲ್ಲ. ನಾಳೆ ನೋಡೋಣ, ಸಂತೆ ಮುಗಿಯಲಿ, ಮದುವೆ ಮುಗಿಯಲಿ ಎಂದು ಮುಂದೂಡುವ ಒಂದೊಂದು ದಿನವೂ ಮರಳಿ ಬಾರದ ಕೋಶಗಳ ಲೆಕ್ಕ. ಹನಿಗಳನ್ನು ತಾವಾಗಿಯೇ ನಿಲ್ಲಿಸುವುದೂ, ಅಂಗಡಿಯಿಂದ ತಂದು ತಾವಾಗಿಯೇ ಮುಂದುವರಿಸುವುದೂ ಎರಡೂ ಅಪಾಯ. ಸ್ಟಿರಾಯ್ಡ್‌ನಿಂದ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬೆಳೆಯಬಹುದು.

ಇನ್ನೊಂದು ಮಾತನ್ನೂ ಕುಟುಂಬದವರು ಅರಿಯಬೇಕು. ಕಸಿ ಪೂರ್ತಿ ತಿಳಿಯಾಗಿದ್ದರೂ ಕೆಲವರಿಗೆ ಅಕ್ಷರ ಜೋಡಿಜೋಡಿಯಾಗಿ, ದೀಪ ಚದುರಿದಂತೆ ಕಾಣುತ್ತದೆ. ಕೂದಲಿಗಿಂತ ತೆಳುವಾದ ನೈಲಾನ್ ಹೊಲಿಗೆಗಳು ಒಂದೇ ಬಿಗಿಯಲ್ಲಿ ನಿಲ್ಲದೆ ಕಾರ್ನಿಯಾದ ಬಾಗು ಓರೆಯಾಗುವುದೇ ಇದಕ್ಕೆ ಕಾರಣ. ಹೊಲಿಗೆ ಬಿಚ್ಚಿ ನೋಟ ನೆಲೆಗೊಳ್ಳಲು ವರ್ಷಕ್ಕೂ ಮೀರಬಹುದು, ಆಮೇಲೂ ಕೆಲವರಿಗೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಬೇಕಾಗುತ್ತದೆ. ‘ಆಪರೇಷನ್ ಆಯ್ತಲ್ಲ, ಇನ್ನೂ ಕಾಣಲ್ಲ ಅಂದ್ರೆ ಹೇಗೆ?’ ಎಂದು ಅವರನ್ನು ಕೇಳುವುದು ಅನ್ಯಾಯ. ಅವರ ತೊಂದರೆ ನಿಜವಾದದ್ದು, ಅದಕ್ಕೆ ಅಳತೆಯಿದೆ, ಬಹಳ ಮಟ್ಟಿಗೆ ಪರಿಹಾರವೂ ಇದೆ.

ಪದರಗಳ ಪಾಠ ಶಸ್ತ್ರಚಿಕಿತ್ಸೆಯನ್ನೂ ಬದಲಿಸಿತು. ಕೆಟ್ಟ ಪದರವನ್ನಷ್ಟೇ ಬದಲಿಸಿದರೆ ಸಾಲದೇ? ನೆದರ್ಲೆಂಡ್ಸ್‌ನ ಗೆರಿಟ್ ಮೆಲ್ಲೆಸ್ 1998ರಲ್ಲಿ ಹಿಂಭಾಗದ ಪದರವನ್ನು ಮಾತ್ರ ಕಸಿ ಮಾಡುವ ವಿಧಾನ ಪ್ರಕಟಿಸಿದರು. ಮುಂದೆ ಆ ತುಣುಕು ತೆಳುವಾಗುತ್ತ ಹೋಗಿ, ಅದನ್ನು ಹೊಲಿಗೆಯ ಬದಲು ಗಾಳಿಗುಳ್ಳೆಯಿಂದ ಒತ್ತಿ ಅಂಟಿಸುವ ಮಟ್ಟಕ್ಕೆ ಬಂತು. ಅಂಥ ಕಸಿಯಲ್ಲಿ ತಿರಸ್ಕಾರ ತೀರ ಕಡಿಮೆ. ಕಾರ್ನಿಯಾ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ಇರುವವರಿಗೆ ಸ್ವಂತ ಎಂಡೋಥೀಲಿಯಂ ಉಳಿಸಿ ಮುಂಭಾಗವನ್ನು ಮಾತ್ರ ಬದಲಿಸಬಹುದು. ಒಳಪದರ ಅವರದ್ದೇ ಆದ್ದರಿಂದ ಅಲ್ಲಿ ಆ ಗೆರೆ ಹುಟ್ಟುವ ಮಾತೇ ಇಲ್ಲ.

ಕನ್ನಡಿಗರು ಈ ಪಾಠವನ್ನು ತಮ್ಮ ದುಃಖದ ನಡುವೆಯೇ ಕಂಡರು. 2006ರಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾಗಿದ್ದವು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅಗಲಿದಾಗ ಅವರ ಕಣ್ಣುಗಳನ್ನೂ ಮನೆಯವರು ದಾನ ಮಾಡಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಆ ಎರಡು ಕಾರ್ನಿಯಾಗಳ ಮುಂಪದರ, ಹಿಂಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ಕಸಿ ಮಾಡಿದರು. ನಾಡಿನಲ್ಲಿ ನೇತ್ರದಾನಕ್ಕೆ ಹೆಸರು ಬರೆಸುವವರ ಸಾಲು ಬೆಳೆಯಿತು.

ದಾನಕ್ಕೆ ಸಲ್ಲುವ ಗೌರವ ದಾನ ಪಡೆದವರ ಮುಂದಿನ ಬದುಕಿಗೂ ಸಲ್ಲಬೇಕು. ಕಸಿ ಮಾಡುವ ಪ್ರತಿ ಆಸ್ಪತ್ರೆ ಆ ನಾಲ್ಕು ಲಕ್ಷಣಗಳನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ರೋಗಿಯ ಕೈಗೂ ಮನೆಯವರ ಕೈಗೂ ಕೊಡಲಿ. ದೂರದ ಊರಿನಿಂದ ಬರುವವರಿಗೆ ತುರ್ತಿಗೆ ಕರೆ ಮಾಡಲು ಒಂದು ಫೋನ್ ನಂಬರ್ ಕೊಡಲಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಅವರನ್ನು ಅಂದೇ ನೋಡುವ ಏರ್ಪಾಡಾಗಲಿ. ಮೆಡಾವರ್, ಮಾಮೆನಿ, ಖೋದಾದೂಸ್ತ್ ಕಂಡುಕೊಂಡದ್ದು ಗೆರೆಯನ್ನು ತಡೆಯಲು ಸಮಯವಿದೆ ಎಂಬ ಸತ್ಯವನ್ನು. ಆ ಸಮಯ ಬಸ್ಸಿಗೆ ಕಾಯುವುದರಲ್ಲಿ, ಚೀಟಿ ಮಾಡಿಸುವ ಸಾಲಿನಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿರುವ ಕೆಲಸ.